ನಾಲಿಗೆ ಕಲಿತ ಉಪ್ಪು



ಸಂಜೆ ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳು, ಗಾರ್ಮೆಂಟ್ಸುಗಳು ಬಿಡುವ ಹೊತ್ತಿಗೆ ನಮ್ಮ ಲಗ್ಗೆರೆಯ ರಸ್ತೆಗಳು ತುಂಬಿಕೊಳ್ಳುತ್ತವೆ. ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ನಡೆಯುವವರು ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ನಿಂತು ಕಾಲು ಕೆಜಿ ಖಾರಾಬೂಂದಿಯನ್ನೋ ಕೋಡುಬಳೆಯನ್ನೋ ಕಟ್ಟಿಸಿಕೊಳ್ಳುತ್ತಾರೆ. ಬೋಂಡಾ ಗಾಡಿಯ ಸುತ್ತಲೂ ಜನ. ಹಾಗೆ ಬರುವವರಲ್ಲಿ ನಮ್ಮ ಬೀದಿಯವರೊಬ್ಬರಿದ್ದಾರೆ. ಕುಣಿಗಲ್ ಕಡೆಯವರು. ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಘಟಕದಲ್ಲಿ ಫರ್ನೇಸ್ ಮುಂದೆ ಕೆಲಸ. ಹೋದ ವರ್ಷ ಬಿಪಿ ಇದೆ ಎಂದು ಗೊತ್ತಾಯಿತು, ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದರು. ಮನೆಯಾಕೆ ಮಾರನೆಯ ದಿನದಿಂದಲೇ ಸಾರಿನ ಉಪ್ಪನ್ನು ಅರ್ಧಕ್ಕೆ ಇಳಿಸಿದರು. ಆ ವಾರವೇ ಇವರು ತಟ್ಟೆಯ ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿ ಇಟ್ಟುಕೊಂಡು ಊಟಕ್ಕೆ ಕೂರತೊಡಗಿದರು. ನಾನು ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಪಾಠ ಹೇಳಿದವಳೆಂದು ಗೊತ್ತಿದ್ದರಿಂದ ನನ್ನನ್ನೇ ಕೇಳಿದರು:

"ಮೈ ಕೇಳ್ತೈತೆ ಕಣಕ್ಕಾ, ಅದ್ಕೇ ಬಾಯಿ ಕೇಳೋದು. ಮೈಗೆ ಬ್ಯಾಡ್ದಿದ್ರೆ ಬಾಯಿ ಯಾಕ್ ಕೇಳ್ತಿತ್ತು?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಾಯಿ ಕೇಳುವುದೆಲ್ಲ ಮೈ ಕೇಳಿದ್ದೇ ಆಗಿರುತ್ತದೆಯೇ ಎಂದು ತಿಳಿಯಲು ವಿಜ್ಞಾನಿಗಳು ಸುಮಾರು ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತ ಬಂದಿದ್ದಾರೆ. ಅವರಿಗೆ ಉತ್ತರ ಸಿಕ್ಕಿದ್ದು ಹೆಚ್ಚಾಗಿ ಪ್ರಯೋಗಾಲಯದ ಬಿಳಿ ಇಲಿಗಳಿಂದ. ಈ ಬಿಳಿ ಇಲಿ ನಮ್ಮ ಮೋರಿಗಳಲ್ಲಿ ಓಡಾಡುವ ಕಂದು ಇಲಿಯ ವಂಶದ್ದೇ. ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ 1906ರಿಂದ ಸಾಕಿ ಬೆಳೆಸಿದ ತಳಿ ಇವತ್ತು ನಮ್ಮ ಕರ್ನಾಟಕದ ಕಾಲೇಜುಗಳ ಪ್ರಾಣಿಶಾಲೆಗಳಲ್ಲೂ ಇದೆ. ಇಲಿಗೂ ನಮಗೂ ಉಪ್ಪಿನ ಲೆಕ್ಕವನ್ನು ನೋಡಿಕೊಳ್ಳುವ ಮೂತ್ರಪಿಂಡ, ಗ್ರಂಥಿ, ಹಾರ್ಮೋನುಗಳು ಬಹುಮಟ್ಟಿಗೆ ಒಂದೇ ಬಗೆಯವು. ಹಾಗಾಗಿ ಅದರ ಮಾತನ್ನು ಸ್ವಲ್ಪ ಕೇಳೋಣ.

ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಕರ್ಟ್ ರಿಕ್ಟರ್ ಎಂಬ ವಿಜ್ಞಾನಿ ಇದ್ದರು. ಮೂತ್ರಪಿಂಡಗಳ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿರುತ್ತವೆ. ಅವು ಸ್ರವಿಸುವ ಹಾರ್ಮೋನು ಇಲ್ಲದಿದ್ದರೆ ಮೂತ್ರಪಿಂಡಕ್ಕೆ ಉಪ್ಪನ್ನು ಹಿಡಿದಿಡಲು ಬರುವುದಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ಮೂತ್ರದಲ್ಲಿ ಹರಿದುಹೋಗಿ ಪ್ರಾಣಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ರಿಕ್ಟರ್ ಆ ಗ್ರಂಥಿಗಳನ್ನು ತೆಗೆದ ಇಲಿಗಳ ಪಂಜರದಲ್ಲಿ ಎರಡು ಬಾಟಲಿ ಇಟ್ಟರು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪುನೀರು. ಇಲಿಗಳು ಉಪ್ಪುನೀರಿನ ಬಾಟಲಿಗೆ ಬಾಯಿ ಹಚ್ಚಿ, ತಮಗೆ ಬೇಕಾದಷ್ಟು ತಾವೇ ಕುಡಿದು ಬದುಕಿಕೊಂಡವು. 1936ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಲ್ಲಿ ನಮ್ಮ ಕುಣಿಗಲ್ಲಿನವರ ಮಾತೇ ಸರಿ: ಮೈ ಕೇಳಿತು, ಬಾಯಿ ಕೇಳಿತು.

ರಿಕ್ಟರ್ ಇದೇ ಮಾತನ್ನು ಮನುಷ್ಯರಲ್ಲೂ ಕಂಡರು. ಕಂಡ ರೀತಿ ಮಾತ್ರ ಬಹಳ ದುಃಖದ್ದು. 1940ರಲ್ಲಿ ಲಾಸನ್ ವಿಲ್ಕಿನ್ಸ್ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ ಅವರು ಮೂರೂವರೆ ವರ್ಷದ ಒಬ್ಬ ಹುಡುಗನ ಕಥೆ ಬರೆದರು. ಆ ಮಗು ಒಂದು ವರ್ಷದ ಸುಮಾರಿಗೇ ಬಿಸ್ಕತ್ತಿನ ಮೇಲಿನ ಉಪ್ಪನ್ನು ಮಾತ್ರ ನೆಕ್ಕಿ ಉಳಿದದ್ದನ್ನು ಬಿಡುತ್ತಿತ್ತು. ಆಮೇಲೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಪತ್ತೆ ಹಚ್ಚಿತು. ಬೆರಳಿಗೆ ಉಪ್ಪು ಅಂಟಿಸಿಕೊಂಡು ನೆಕ್ಕುವುದು, ಊಟದ ಮೇಲೆಲ್ಲ ಉಪ್ಪು ಸುರಿಸಿಕೊಳ್ಳುವುದು ದಿನದ ಅಭ್ಯಾಸವಾಯಿತು. ಮಾತು ಬಂದಾಗ ಕಲಿತ ಮೊದಮೊದಲ ಪದಗಳಲ್ಲಿ ಉಪ್ಪು ಎಂಬುದೂ ಒಂದು. ಹೆತ್ತವರು ಕಾರಣ ಗೊತ್ತಿಲ್ಲದಿದ್ದರೂ ಮಗು ಕೇಳಿದ್ದನ್ನು ಕೊಡುತ್ತ ಬಂದರು. ಬೇರೊಂದು ತೊಂದರೆಯ ತಪಾಸಣೆಗೆಂದು ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿ ಎಲ್ಲರಿಗೂ ಕೊಡುವ ಮಾಮೂಲಿ ಊಟ ಕೊಟ್ಟರು. ಏಳನೆಯ ದಿನ ಮಗು ತೀರಿಕೊಂಡಿತು. ಶವಪರೀಕ್ಷೆಯಲ್ಲಿ ತಿಳಿದದ್ದು, ಅದರ ಅಡ್ರಿನಲ್ ಗ್ರಂಥಿಗಳು ಕೆಟ್ಟಿದ್ದವು. ಅಷ್ಟು ದಿನ ಆ ಮಗು ತನ್ನ ಪ್ರಾಣವನ್ನು ತಾನೇ ಉಪ್ಪಿನಿಂದ ಹಿಡಿದಿಟ್ಟುಕೊಂಡಿತ್ತು. ಪಾಠ ಹೇಳುವಾಗ ಈ ಪುಟಕ್ಕೆ ಬಂದಾಗಲೆಲ್ಲ ತರಗತಿ ಸುಮ್ಮನಾಗುತ್ತಿತ್ತು. ಮಗು ಹಟ ಹಿಡಿದು ವಿಚಿತ್ರವಾದದ್ದನ್ನು ಕೇಳಿದರೆ ಗದರುವ ಮೊದಲು ಒಮ್ಮೆ ವೈದ್ಯರಿಗೆ ಹೇಳಬೇಕು ಎಂದು ನಾನು ಇವತ್ತಿಗೂ ತಾಯಂದಿರಿಗೆ ಹೇಳುವುದು ಈ ಮಗುವಿನ ಕಾರಣದಿಂದ.

ಹಾಗಾದರೆ ಕೊರತೆಯಾದಾಗ ನಾಲಿಗೆ ಚುರುಕಾಗುತ್ತದೆಯೇ? ರಿಕ್ಟರ್ ಹಾಗೆಂದೇ ನಂಬಿದ್ದರು. ಗ್ರಂಥಿ ತೆಗೆದ ಇಲಿ, ಆರೋಗ್ಯವಂತ ಇಲಿ ಗುರುತಿಸುವ ಉಪ್ಪಿನ ಹದಿನೈದರಲ್ಲಿ ಒಂದು ಪಾಲು ನೀರಿನಲ್ಲಿದ್ದರೂ ಅದನ್ನೇ ಆರಿಸಿಕೊಳ್ಳುತ್ತಿತ್ತು. ಆದರೆ 1950ರಲ್ಲಿ ಕಾರ್ಲ್ ಫಾಫ್‌ಮನ್ ಮತ್ತು ಬೇರ್ ಎಂಬಿಬ್ಬರು ನಾಲಿಗೆಯಿಂದ ಮಿದುಳಿಗೆ ಹೋಗುವ ನರಕ್ಕೇ ತಂತಿ ಹಚ್ಚಿ ನೋಡಿದರು. ಎರಡೂ ಬಗೆಯ ಇಲಿಗಳ ನರ ಒಂದೇ ಮಟ್ಟದ ಉಪ್ಪಿಗೆ ಸ್ಪಂದಿಸಿತು. ನಾಲಿಗೆ ಬದಲಾಗಿರಲಿಲ್ಲ, ಅದು ಹೇಳಿದ್ದನ್ನು ಕೇಳಿಸಿಕೊಳ್ಳುವ ಮಿದುಳು ಬದಲಾಗಿತ್ತು. ಬೀದಿಯ ಗದ್ದಲಕ್ಕೆಲ್ಲ ಎಚ್ಚರಾಗದೆ ಮಲಗಿದ ಬಾಣಂತಿ ಕೂಸು ಒಂದಿಷ್ಟು ಕುಂಯ್ ಎಂದರೆ ತಟ್ಟನೆ ಏಳುವ ಹಾಗೆ, ಕೊರತೆಯಲ್ಲಿರುವ ಮಿದುಳು ಉಪ್ಪಿನ ಅತಿ ಸಣ್ಣ ಸುಳಿವಿಗೂ ಎದ್ದು ಕೂರುತ್ತದೆ.

ಈ ಎಚ್ಚರ ಹುಟ್ಟಿನಿಂದಲೇ ಬಂದದ್ದು. ಜೀವಮಾನದಲ್ಲಿ ಒಮ್ಮೆಯೂ ಕೊರತೆ ಕಾಣದ ಇಲಿಗೆ ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟು, ಒಂದು ದಿನ ಸೋಡಿಯಂ ಇಲ್ಲದ ಆಹಾರ ಹಾಕಿ, ಆಮೇಲೆ ಹಲವು ದ್ರಾವಣಗಳ ನಡುವೆ ಬಿಟ್ಟರೆ ಅದು ಮೊದಲ ಗುಟುಕಿನಲ್ಲೇ ಸೋಡಿಯಂ ಇರುವುದನ್ನು ಹಿಡಿಯುತ್ತದೆ. ಕುಡಿದಮೇಲೆ ಮೈಗೆ ಹಿತವಾಯಿತೇ ಎಂದು ಕಾದು ಕಲಿಯುವಷ್ಟು ಹೊತ್ತೂ ಅದಕ್ಕೆ ಬೇಡ. ರಕ್ತದಲ್ಲಿ ಆಂಜಿಯೊಟೆನ್ಸಿನ್, ಆಲ್ಡೊಸ್ಟಿರೋನ್ ಎಂಬ ಎರಡು ಹಾರ್ಮೋನುಗಳು ಒಟ್ಟಿಗೆ ಏರಿದಾಗ ಮಿದುಳಿನಲ್ಲಿ ಈ ಉಪ್ಪಿನ ಹಸಿವು ಏಳುತ್ತದೆ ಎಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲನ್ ಎಪ್‌ಸ್ಟೈನ್ ತೋರಿಸಿಕೊಟ್ಟರು.

ಇಲ್ಲಿಯವರೆಗಿನದು ಹುಟ್ಟುಗುಣದ ಮಾತು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮುಂದಿನ ಭಾಗ, ಇಲಿ ಉಪ್ಪಿನ ವಿಷಯದಲ್ಲಿ ಕಲಿಯುವುದು ಏನನ್ನು ಎಂಬುದು.

1968ರಲ್ಲಿ ಕ್ರೀಕ್‌ಹೌಸ್ ಮತ್ತು ವುಲ್ಫ್ ಎಂಬಿಬ್ಬರು ಬಾಯಾರಿದ ಇಲಿಗಳಿಗೆ ಒಂದು ಸನ್ನೆಕೋಲು ಒತ್ತಿ ನೀರು ಪಡೆಯುವುದನ್ನು ಕಲಿಸಿದರು. ಕೆಲವಕ್ಕೆ ಸಿಗುತ್ತಿದ್ದದ್ದು ಉಪ್ಪುನೀರು, ಕೆಲವಕ್ಕೆ ಸಿಗುತ್ತಿದ್ದದ್ದು ಉಪ್ಪಿಲ್ಲದ್ದು. ಆಗ ಯಾವ ಇಲಿಗೂ ಉಪ್ಪಿನ ಅಗತ್ಯ ಇರಲಿಲ್ಲ, ಬಾಯಾರಿಕೆಯಷ್ಟೇ ಇತ್ತು. ಆಮೇಲೆ ಎಲ್ಲಕ್ಕೂ ಉಪ್ಪಿನ ಕೊರತೆ ಉಂಟುಮಾಡಿ, ಒತ್ತಿದರೂ ಏನೂ ಬರದ ಸನ್ನೆಯ ಮುಂದೆ ಬಿಟ್ಟರು. ಹಿಂದೆ ಉಪ್ಪುನೀರು ಕುಡಿದಿದ್ದ ಇಲಿಗಳು ಆ ಸನ್ನೆಯನ್ನು ಉಳಿದವಕ್ಕಿಂತ ಬಹಳ ಹೆಚ್ಚು ಸಲ ಒತ್ತಿದವು. ಬೇಡದ ಕಾಲದಲ್ಲೇ ಅವು ಉಪ್ಪು ಎಲ್ಲಿ ಸಿಗುತ್ತದೆಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದವು.

ರುಚಿಗೂ ಇದೇ ನಡೆಯುತ್ತದೆ. ಇಲಿಯ ಬಾಯಿಗೆ ಸಿಹಿ ಹನಿಸಿದರೆ ಅದು ನಾಲಿಗೆ ಚಾಚಿ ಚಾಚಿ ತುಟಿ ಸವರುತ್ತದೆ, ಮುಂಗಾಲನ್ನು ನೆಕ್ಕಿಕೊಳ್ಳುತ್ತದೆ. ಕಹಿ ಹನಿಸಿದರೆ ಬಾಯನ್ನು ಅಗಲವಾಗಿ ತೆರೆದು ಹೊರಗೆ ಚೆಲ್ಲುತ್ತದೆ, ತಲೆ ಒದರುತ್ತದೆ, ಗದ್ದವನ್ನು ನೆಲಕ್ಕೆ ಉಜ್ಜುತ್ತದೆ. ಪುಟ್ಟ ಕೂಸಿನ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1989ರಲ್ಲಿ ಕೆಂಟ್ ಬೆರಿಡ್ಜ್ ಮತ್ತು ಜೇ ಶುಲ್ಕಿನ್ ಇಲಿಗಳಿಗೆ ಹುಳಿಯನ್ನೋ ಕಹಿಯನ್ನೋ ಉಪ್ಪಿನ ಜೊತೆ ಬೆರೆಸಿ ಕೊಟ್ಟು ಅಭ್ಯಾಸ ಮಾಡಿಸಿದರು. ಬಳಿಕ ಉಪ್ಪಿನ ಕೊರತೆ ಉಂಟುಮಾಡಿ, ಉಪ್ಪಿಲ್ಲದ ಆ ಹುಳಿಯನ್ನೋ ಕಹಿಯನ್ನೋ ಮಾತ್ರ ಹನಿಸಿದರು. ಇಲಿಗಳು ನಾಲಿಗೆ ಚಾಚಿದವು, ಮುಂಗಾಲು ನೆಕ್ಕಿದವು. ಉಪ್ಪಿನ ಜೊತೆ ಒಮ್ಮೆ ಓಡಾಡಿದ ರುಚಿಯೇ ಅವಕ್ಕೆ ರುಚಿಯಾಗಿಬಿಟ್ಟಿತ್ತು.

2013ರಲ್ಲಿ ಇದೇ ಬೆರಿಡ್ಜ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೈಕ್ ರಾಬಿನ್‌ಸನ್ ಅವರೊಂದಿಗೆ ಮಾಡಿದ ಪ್ರಯೋಗ ಇನ್ನೂ ಮುಂದೆ ಹೋಯಿತು. ಗೋಡೆಯಿಂದ ಒಂದು ಸನ್ನೆ ಹೊರಬಂದೊಡನೆ ಇಲಿಯ ಬಾಯಿಗೆ ಸಮುದ್ರದ ನೀರಿಗಿಂತ ಮೂರುಪಟ್ಟು ಉಪ್ಪಾದ ದ್ರಾವಣ ಬೀಳುತ್ತಿತ್ತು. ಇಲಿಗಳು ಆ ಸನ್ನೆ ಕಂಡರೆ ಸಾಕು, ಎದುರು ಗೋಡೆಗೆ ಅವಚಿಕೊಂಡು ನಿಲ್ಲುತ್ತಿದ್ದವು. ಆಮೇಲೊಂದು ದಿನ ಔಷಧಿಯಿಂದ ಅವಕ್ಕೆ ಉಪ್ಪಿನ ಹಸಿವು ಎಬ್ಬಿಸಿದರು. ಸನ್ನೆ ಹೊರಬಂತು. ಆ ದಿನ ಬಾಯಿಗೆ ಒಂದು ಹನಿಯೂ ಬಿದ್ದಿರಲಿಲ್ಲ, ಹಸಿವಿನಲ್ಲಿ ಉಪ್ಪು ಹೇಗಿರುತ್ತದೆಂದು ಅವಕ್ಕೆ ಗೊತ್ತೂ ಇರಲಿಲ್ಲ. ಆದರೂ ಓಡಿಬಂದು ಆ ಲೋಹದ ಸನ್ನೆಯನ್ನು ಮೂಸಿದವು, ಮೆಲ್ಲಗೆ ಕಚ್ಚಿದವು. ನಿನ್ನೆ ಕಂಡು ಓಡಿಹೋದದ್ದನ್ನು ಇವತ್ತು ಅರಸಿ ಬಂದವು.

ಈ ಎಲ್ಲ ಪ್ರಯೋಗಗಳಲ್ಲಿ ನಮ್ಮ ನೆರೆಯವರ ಪ್ರಶ್ನೆಗೆ ತೀರ ಹತ್ತಿರದ್ದು ಇನ್ನೊಂದಿದೆ. ಎಪ್‌ಸ್ಟೈನ್ ಅವರ ಪ್ರಯೋಗಾಲಯದಲ್ಲೇ ಸಕಾಯ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು: ಒಂದೇ ಒಂದು ಸಲ ಉಪ್ಪಿನ ಕೊರತೆ ಅನುಭವಿಸಿದ ಇಲಿ, ಮುಂದೆ ಎಂದೋ ಮತ್ತೆ ಅಷ್ಟೇ ಕೊರತೆಯಾದಾಗ ಮೊದಲಿಗಿಂತ ಹೆಚ್ಚು ಉಪ್ಪು ಕುಡಿಯುತ್ತದೆ. 1989ರಲ್ಲಿ ಅವರೇ ಇನ್ನೊಂದು ಮಾತು ಸೇರಿಸಿದರು. ಹಲವು ಸಲ ಕೊರತೆ ಕಂಡ ಇಲಿಗಳು ಕೊರತೆ ಪೂರ್ತಿ ನೀಗಿದ ಮೇಲೂ, ಯಾವ ಅಗತ್ಯವೂ ಇಲ್ಲದ ದಿನಗಳಲ್ಲೂ, ಹೆಚ್ಚು ಉಪ್ಪುನೀರು ಕುಡಿಯುತ್ತಲೇ ಇದ್ದವು. ಹಸಿವು ಹೋಯಿತು, ರುಚಿ ಉಳಿಯಿತು. ಅಲ್ಲಿಂದಾಚೆಗೆ ಬಾಯಿ ಕೇಳುವುದು ಮೈ ಕೇಳಿದ್ದಕ್ಕಲ್ಲ.

ಕಲಿಕೆ ಎದುರು ದಿಕ್ಕಿಗೂ ಎಳೆಯುತ್ತದೆ. ಲಿಥಿಯಂ ಕ್ಲೋರೈಡ್ ಎಂಬ ಲವಣದ ರುಚಿ ಅಡುಗೆ ಉಪ್ಪಿನಂತೆಯೇ ಇರುತ್ತದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಉಪ್ಪು ಬಿಡಬೇಕಾದ ಹೃದ್ರೋಗಿಗಳಿಗೆ ಅದನ್ನೇ ಬದಲಿ ಉಪ್ಪಾಗಿ ಮಾರಿದರು. ಅದರ ವಿಷದಿಂದ ಕೆಲವರು ಸತ್ತು, 1949ರಲ್ಲಿ ಅದನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆಸಬೇಕಾಯಿತು. 1963ರಲ್ಲಿ ಮಾರ್ವಿನ್ ನ್ಯಾಕ್‌ಮನ್ ಇಲಿಗಳಿಗೆ ಅದನ್ನು ಕೊಟ್ಟು ನೋಡಿದರು. ಕುಡಿದು ಹೊಟ್ಟೆ ಕೆಟ್ಟ ಇಲಿಗಳು ಆಮೇಲೆ ಲಿಥಿಯಂ ಜೊತೆಗೆ ಸಾಮಾನ್ಯ ಉಪ್ಪುನೀರಿನಿಂದಲೂ ದೂರ ಸರಿದವು. ಇನ್ನು ಇಲಿಗಳು ಒಂದರಿಂದ ಒಂದು ಕಲಿಯುವುದೂ ಉಂಟು. ಕೆನಡಾದ ಬೆನೆಟ್ ಗೇಲೆಫ್ 1983ರಲ್ಲಿ ತೋರಿಸಿದಂತೆ, ಒಂದು ಇಲಿ ಇನ್ನೊಂದರ ಮೂತಿ ಮೂಸಿ, ಅದು ತಿಂದುಬಂದದ್ದನ್ನೇ ತಾನೂ ಆಮೇಲೆ ಇಷ್ಟಪಟ್ಟು ತಿನ್ನುತ್ತದೆ.

ಈಗ ಮನುಷ್ಯರ ಕಡೆ ಬರೋಣ.

ರಿಕ್ಟರ್ ಬರೆದ ಅದೇ 1936ರಲ್ಲಿ ಇಂಗ್ಲೆಂಡಿನ ರಾಬರ್ಟ್ ಮೆಕ್ಯಾನ್ಸ್ ಎಂಬ ವೈದ್ಯರು ತಮ್ಮ ಮೈಯ ಮೇಲೆಯೇ ಪ್ರಯೋಗ ಮಾಡಿಕೊಂಡರು. ಉಪ್ಪಿಲ್ಲದ ಊಟ ಮಾಡಿ, ಬಿಸಿಯಲ್ಲಿ ಕೂತು ಬೆವರಿ ಬೆವರಿ, ತಾವೂ ಕೆಲವು ಸ್ವಯಂಸೇವಕರೂ ಮೈಯಲ್ಲಿನ ಸೋಡಿಯಂ ಕಳೆದುಕೊಂಡರು. ಊಟ ರುಚಿ ಕಳೆದುಕೊಂಡಿತು, ಸ್ನಾಯು ಹಿಡಿದುಕೊಂಡವು, ಸುಸ್ತಾಯಿತು. ಬಾಯಾರಿಕೆಯಂಥ ಏನೋ ಒಂದು, ನೀರು ಕುಡಿದರೂ ಹೋಗದಂಥದ್ದು, ಬಾಯಲ್ಲಿ ಉಳಿಯಿತು. ಆದರೆ ಇಲಿಗಳ ಹಾಗೆ ಎಲ್ಲರೂ ಒಂದೇ ಮನಸ್ಸಿನಿಂದ ಉಪ್ಪು ಬೇಕು ಎನ್ನಲಿಲ್ಲ. ನಿಜವಾದ ಕೊರತೆಯಾದಾಗ ಮನುಷ್ಯನ ನಾಲಿಗೆ ಇಲಿಯದರಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಅದೇ ನಾಲಿಗೆ ಏನೂ ಕೊರತೆಯಿಲ್ಲದ ದಿನ ಸಾರು ಸಪ್ಪೆ ಎಂದು ಜಗಳ ತೆಗೆಯುತ್ತದೆ.

ಫರ್ನೇಸ್ ಮುಂದೆ ನಿಲ್ಲುವವರಿಗೆ ಬೆವರಿನಲ್ಲಿ ಉಪ್ಪು ಹೋಗುವುದು ಸುಳ್ಳಲ್ಲ. ಒಂದು ಲೀಟರ್ ಬೆವರಿನಲ್ಲಿ ಸುಮಾರಾಗಿ ಎರಡು ಮೂರು ಗ್ರಾಂ ಉಪ್ಪಿರುತ್ತದೆ. 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಕೂಲಿಯವರಿಗೆ ಕೈಕಾಲು ಸೆಟೆದುಕೊಳ್ಳುತ್ತಿದ್ದದ್ದು ಬೆವರಿದ ಮೇಲೆ ಬರೀ ನೀರು ಕುಡಿದದ್ದರಿಂದ ಎಂದು ತಿಳಿದು, ಕುಡಿಯುವ ನೀರಿಗೆ ಸ್ವಲ್ಪ ಉಪ್ಪು ಸೇರಿಸಿ ಗುಣ ಕಂಡರು. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಅಲ್ಲಿನ ಸೆಕೆಗೆ ಕಾರ್ಮಿಕರು ಕುಸಿದು ಬೀಳುತ್ತಿದ್ದದ್ದನ್ನು ಗಣಿಯ ವೈದ್ಯರು 1940ರ ದಶಕದಲ್ಲೇ ಅಧ್ಯಯನ ಮಾಡಿ ಬರೆದಿದ್ದಾರೆ. ಪೀಣ್ಯದ ಫೌಂಡ್ರಿ, ಫೋರ್ಜಿಂಗ್, ಹೀಟ್ ಟ್ರೀಟ್‌ಮೆಂಟಿನವರ ಮೈಯೂ ಅದೇ ನಿಯಮಕ್ಕೆ ಒಳಪಟ್ಟದ್ದು. ಆದರೆ ಬಿಸಿಗೆ ಒಗ್ಗಿದ ಮೈ ತಾನೇ ಜಾಣವಾಗುತ್ತದೆ. ಕೆಲಸಕ್ಕೆ ಸೇರಿದ ಒಂದೆರಡು ವಾರದಲ್ಲಿ ಆಲ್ಡೊಸ್ಟಿರೋನ್ ಏರಿ, ಬೆವರು ಹೆಚ್ಚು ಬಂದರೂ ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ, ಮೂತ್ರಪಿಂಡವೂ ಉಪ್ಪನ್ನು ಬಿಗಿಹಿಡಿಯುತ್ತದೆ. ದಕ್ಷಿಣ ಅಮೆರಿಕದ ಕಾಡುಗಳ ಯಾನೊಮಾಮಿ ಜನ ಅಡುಗೆಗೆ ಉಪ್ಪನ್ನೇ ಬಳಸುವುದಿಲ್ಲ. 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಅಧ್ಯಯನದಲ್ಲಿ ಅವರ ಮೂತ್ರದ ಸೋಡಿಯಂ ಲೆಕ್ಕ ಹಾಕಿದರೆ ದಿನದ ಉಪ್ಪು ಒಂದು ಗ್ರಾಂನ ಹತ್ತಿರಕ್ಕೂ ಬರುವುದಿಲ್ಲ. ಅವರು ಬೇಟೆಯಾಡುತ್ತಾರೆ, ಹೆರುತ್ತಾರೆ, ಮಕ್ಕಳಿಗೆ ಹಾಲೂಡಿಸುತ್ತಾರೆ. ಅವರ ರಕ್ತದೊತ್ತಡ ಆ ಅಧ್ಯಯನದ 52 ಕೇಂದ್ರಗಳಲ್ಲೇ ಅತಿ ಕಡಿಮೆ ಇದ್ದವುಗಳ ಸಾಲಿನದು.

ಹಾಗಾದರೆ ನಮ್ಮ ನಾಲಿಗೆಗೆ ಇಷ್ಟು ಉಪ್ಪು ಕಲಿಸಿದವರು ಯಾರು? ಊಟವೇ ಕಲಿಸಿತು. 1982ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಮೇರಿ ಬರ್ಟಿನೊ, ಗ್ಯಾರಿ ಬ್ಯೂಚಾಂಪ್ ಮತ್ತು ಕಾರ್ಲ್ ಎಂಗೆಲ್‌ಮನ್, ಒಂದಷ್ಟು ಯುವಕ ಯುವತಿಯರಿಗೆ ಐದು ತಿಂಗಳು ಉಪ್ಪು ಕಡಿಮೆಯ ಊಟ ಮಾಡಿಸಿದರು. ಮೊದಮೊದಲು ಅವರಿಗೂ ಸಪ್ಪೆಯೇ. ತಿಂಗಳುಗಳು ಕಳೆದಂತೆ ಸೂಪಿನಲ್ಲಿ, ಬಿಸ್ಕತ್ತಿನಲ್ಲಿ ಅವರಿಗೆ ಹಿತವೆನ್ನಿಸುವ ಉಪ್ಪಿನ ಪ್ರಮಾಣ ತಾನಾಗಿ ಇಳಿಯಿತು. ಹಿಂದೆ ಇಷ್ಟಪಡುತ್ತಿದ್ದದ್ದು ಈಗ ಉಪ್ಪುಪ್ಪು ಅನ್ನಿಸತೊಡಗಿತು. 1986ರಲ್ಲಿ ಬರ್ಟಿನೊ ಮತ್ತು ಬ್ಯೂಚಾಂಪ್ ಇದನ್ನು ತಿರುವುಮುರುವು ಮಾಡಿ ನೋಡಿದರು. ಊಟಕ್ಕೆ ಹೆಚ್ಚು ಉಪ್ಪು ಹಾಕಿಕೊಂಡು ತಿಂದವರ ಆಸೆ ಏರಿತು. ಆ ಹೆಚ್ಚುವರಿ ಉಪ್ಪನ್ನು ಮಾತ್ರೆಯಾಗಿ ನುಂಗಿದವರ ಆಸೆ ಏರಲಿಲ್ಲ. ಹೊಟ್ಟೆಗೆ ಹೋದದ್ದು ಎರಡೂ ಕಡೆ ಉಪ್ಪೇ, ನಾಲಿಗೆಯ ಮೇಲೆ ಹಾದುಹೋದದ್ದು ಮಾತ್ರ ಆಸೆ ಬೆಳೆಸಿತು. ನಮ್ಮ ಕುಣಿಗಲ್ಲಿನವರಿಗೆ ನಾನು ಕೊಟ್ಟ ಉತ್ತರ ಇದೇ: ನೀವು ಹೇಳುವ ಹಸಿವು ಸುಳ್ಳಲ್ಲ, ಅದು ನಾಲಿಗೆಯದು, ರಕ್ತದ್ದಲ್ಲ.

ಈ ಪಾಠ ಬಹಳ ಬೇಗ ಶುರುವಾಗುತ್ತದೆ. ಮೊನೆಲ್‌ನವರೇ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ತಿಂಗಳ ಕೂಸುಗಳಿಗೆ ಉಪ್ಪಿನ ಮೇಲೆ ವಿಶೇಷ ಒಲವಿರಲಿಲ್ಲ. ಆರು ತಿಂಗಳ ಹೊತ್ತಿಗಾಗಲೇ ಉಪ್ಪಿರುವ ಬ್ರೆಡ್ಡು, ಬಿಸ್ಕತ್ತಿನಂಥದ್ದನ್ನು ತಿಂದು ಅಭ್ಯಾಸವಾದ ಮಕ್ಕಳು ಉಪ್ಪುನೀರನ್ನು ಹೆಚ್ಚು ಕುಡಿದವು. ಅಂಥದ್ದನ್ನು ತಿನ್ನದ ಮಕ್ಕಳು ಕುಡಿಯಲಿಲ್ಲ. ಬಸುರಿನಲ್ಲಿ ಬಹಳ ವಾಂತಿಯಾದ ತಾಯಂದಿರ ಮಕ್ಕಳು ದೊಡ್ಡವರಾದ ಮೇಲೂ ಉಪ್ಪನ್ನು ಹೆಚ್ಚು ಬಯಸುತ್ತಾರೆಂದು 1995ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕಂಡುಕೊಂಡರು. ಅಂದರೆ ಹೊಟ್ಟೆಯಲ್ಲಿದ್ದಾಗಲೇ ಅಕ್ಷರಾಭ್ಯಾಸ.

ಕಲಿತ ರುಚಿಯ ಬಗ್ಗೆ ಅನುಮಾನ ಇರುವವರು ನಮ್ಮ ಮುದ್ದೆಯನ್ನೇ ನೋಡಬಹುದು. ಲಗ್ಗೆರೆಯಲ್ಲಿ ಮಂಡ್ಯ, ಹಾಸನ, ತುಮಕೂರು ಕಡೆಯಿಂದ ಬಂದ ಮನೆಗಳು ಲೆಕ್ಕವಿಲ್ಲದಷ್ಟಿವೆ. ಆ ಮನೆಗಳಲ್ಲಿ ಮುದ್ದೆಗೆ ಉಪ್ಪು ಹಾಕುವ ರೂಢಿಯಿಲ್ಲ. ಹಿಟ್ಟಿಗೂ ಇಲ್ಲ, ಎಸರಿಗೂ ಇಲ್ಲ. ತಟ್ಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಉಪ್ಪಿಲ್ಲದ ಮುದ್ದೆಯೇ ಆಗಿದ್ದರೂ ಯಾರೂ ಸಪ್ಪೆ ಎಂದು ದೂರುವುದಿಲ್ಲ. ಏಕೆಂದರೆ ಮುದ್ದೆಯನ್ನು ಮುರಿದು, ಬೆರಳಲ್ಲಿ ಉರುಟು ಮಾಡಿ, ಉಪ್ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುತ್ತೇವೆ. ನಾಲಿಗೆಗೆ ತಾಗುವುದು ತುತ್ತಿನ ಹೊರಮೈಗೆ ಅಂಟಿದ ಸಾರು ಮತ್ತು ಖಾರ ಮಾತ್ರ. ಒಳಗಿನ ಮುದ್ದೆ ಸುಮ್ಮನೆ ಹೊಟ್ಟೆಗೆ ಹೋಗುತ್ತದೆ. ಬೇರೆ ರಾಜ್ಯದಿಂದ ಬಂದು ಅದೇ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರಿಗೆ ಮೊದಲ ಸಲ ಮುದ್ದೆ ಬಡಿಸಿದರೆ ಅಗಿದು ನೋಡಿ, ಇದರಲ್ಲಿ ಉಪ್ಪೇ ಇಲ್ಲವಲ್ಲ ಎನ್ನುತ್ತಾರೆ. ಕಲಿತವರ ಬಾಯಿಗೆ ಅದು ಪರಿಪೂರ್ಣ ಊಟ. ಉತ್ತರ ಕರ್ನಾಟಕದವರ ಜೋಳದ ರೊಟ್ಟಿಗೂ ಎಷ್ಟೋ ಮನೆಗಳಲ್ಲಿ ಉಪ್ಪು ಹಾಕುವುದಿಲ್ಲ. ನಮ್ಮ ಹಿರಿಯರ ಅಡುಗೆಯಲ್ಲಿ ಉಪ್ಪನ್ನು ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು ಎಂಬ ತಿಳಿವಳಿಕೆ ಇತ್ತು. ಬನ್ನು, ಚಿಪ್ಸು, ಎರಡು ನಿಮಿಷದ ನೂಡಲ್ಸು, ಪ್ಯಾಕೆಟ್ ಮಸಾಲೆ ಬಂದ ಮೇಲೆ ಪ್ರತಿ ತುತ್ತಿನ ಒಳಗೂ ಹೊರಗೂ ಉಪ್ಪು ಸೇರಿತು. ಇದು ನನ್ನ ಅಭಿಪ್ರಾಯ, ಇದನ್ನು ನಾನು ಒತ್ತಿ ಹೇಳುತ್ತೇನೆ.

ನಾವು ಎಷ್ಟು ತಿನ್ನುತ್ತಿದ್ದೇವೆಂಬ ಲೆಕ್ಕವನ್ನು ಹಾಕಿದ್ದೂ ನಮ್ಮ ಬೆಂಗಳೂರಿನ ಸಂಸ್ಥೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ, ದೇವನಹಳ್ಳಿ ಕಡೆಯಲ್ಲಿರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ 2017-18ರಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆಸಿ, ಮೂತ್ರದ ಸೋಡಿಯಂನಿಂದ ಲೆಕ್ಕ ಹಾಕಿತು. 2023ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಭಾರತದ ವಯಸ್ಕರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಾರೆ. ಗಂಡಸರು 8.9, ಹೆಂಗಸರು 7.1. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚ ತುಂಬುವುದಕ್ಕೂ ಕಡಿಮೆ. ಈ 5 ಗ್ರಾಂನಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ, ಹೋಟೆಲ್ ತಿಂಡಿ ಎಲ್ಲವೂ ಸೇರಿತು.

ಇಳಿಸುವ ದಾರಿಯನ್ನೂ ನಾಲಿಗೆಯ ಸ್ವಭಾವವೇ ಹೇಳಿಕೊಡುತ್ತದೆ. ನಮ್ಮ ನೆರೆಮನೆಯಲ್ಲಿ ಆದಂತೆ ಒಂದೇ ದಿನಕ್ಕೆ ಅರ್ಧ ಇಳಿಸಿದರೆ ಬಾಯಿ ಉಪ್ಪಿನಕಾಯಿ ಜಾಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಆಸ್ಟ್ರೇಲಿಯಾದಲ್ಲಿ ಬ್ರೆಡ್ಡಿನ ಉಪ್ಪನ್ನು ವಾರ ವಾರವೂ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಆರು ವಾರದಲ್ಲಿ ಕಾಲುಭಾಗ ಕಡಿಮೆ ಮಾಡಿದರು. ತಿಂದವರಿಗೆ ಗೊತ್ತೇ ಆಗಲಿಲ್ಲ. 2003ರಲ್ಲಿ ಅದು ವರದಿಯಾಯಿತು. ಮನೆಯಲ್ಲೂ ಹಾಗೇ ಮಾಡಬಹುದು. ಬಿಪಿ ಇರುವ ಒಬ್ಬರಿಗೆ ಬೇರೆ ಸಾರು ಮಾಡಬೇಡಿ. ಇಡೀ ಮನೆಯ ಸಾರಿನ ಉಪ್ಪು ವಾರಕ್ಕೊಂದು ಚಿಟಿಕೆ ಇಳಿಯಲಿ. ಹುಣಸೆ, ನಿಂಬೆ, ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಧಾರಾಳವಾಗಿರಲಿ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿ. ಮಜ್ಜಿಗೆಗೆ ಉಪ್ಪಿನ ಬದಲು ಕರಿಬೇವು, ಶುಂಠಿ ಸಾಕು. ಎರಡು ಮೂರು ತಿಂಗಳು ತಾಳಿಕೊಂಡರೆ ನಾಲಿಗೆ ಹೊಸ ಪಾಠ ಕಲಿಯುತ್ತದೆ.

ಇನ್ನು ಕೆಲವು ಎಚ್ಚರಿಕೆ. ಒಂದು ವರ್ಷ ತುಂಬುವವರೆಗೆ ಮಗುವಿನ ಊಟಕ್ಕೆ ಉಪ್ಪು ಬೇಡ. ಅಜ್ಜಿಯರು ಮಗುವಿಗೆ ಸಪ್ಪೆಯಾಗುತ್ತದೆ ಎನ್ನುತ್ತಾರೆ. ಅಜ್ಜಿಯ ನಾಲಿಗೆಗೆ ಸಪ್ಪೆ, ಮಗುವಿನ ನಾಲಿಗೆ ಇನ್ನೂ ಏನನ್ನೂ ಕಲಿತಿಲ್ಲ. ಕೆಂಪು ಉಪ್ಪು, ಸೈಂಧವ ಉಪ್ಪು ಎಂದು ದುಡ್ಡು ಸುರಿಯಬೇಡಿ, ಅವುಗಳಲ್ಲೂ ಇರುವುದು ಬಹುತೇಕ ಅದೇ ಸೋಡಿಯಂ. ಅಯೋಡಿನ್ ಇರುವ ಉಪ್ಪನ್ನೇ ಬಳಸಿ, ಕಡಿಮೆ ಬಳಸಿ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ಫರ್ನೇಸ್ ಮುಂದೆ ದುಡಿಯುವವರು ಆಗಾಗ ನೀರು ಕುಡಿಯಲಿ, ಹೊತ್ತುಹೊತ್ತಿಗೆ ಊಟ ಮಾಡಲಿ. ಉಪ್ಪಿನ ಮಾತ್ರೆಯನ್ನು ತಾವಾಗಿ ನುಂಗುವುದು ಬೇಡ, ಬಿಪಿ ಇದ್ದರೆ ಎಷ್ಟು ಉಪ್ಪು ಎಂಬುದನ್ನು ಡಾಕ್ಟರ ಬಳಿ ಕೆಲಸದ ಸ್ಥಳದ ಸೆಕೆಯನ್ನೂ ಹೇಳಿ ಕೇಳಿಕೊಳ್ಳಲಿ. ಕೈಕಾಲು ಸೆಟೆದು, ತಲೆ ಸುತ್ತಿ, ಮಾತು ತೊದಲಿದರೆ ಅದು ರುಚಿಯ ವಿಷಯವಲ್ಲ. ತಕ್ಷಣ ನೆರಳಿಗೆ ಕರೆತಂದು ಆಸ್ಪತ್ರೆಗೆ ಸೇರಿಸಬೇಕು.

ಕೊನೆಯದಾಗಿ ಒಂದು ಕೆಲಸ ಮಾಡಿ. ಮುಂದಿನ ಸಲ ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ತಲೆಗೆ ದಿನಕ್ಕೆ 5 ಗ್ರಾಂನಂತೆ ನಾಲ್ವರ ಮನೆಗೆ ಅದು 50 ದಿನ ಬರಬೇಕು. ಹೊರಗಿನ ತಿಂಡಿ, ಅಂಗಡಿಯ ಉಪ್ಪಿನಕಾಯಿ ತಿನ್ನುವ ಮನೆಯಾದರೆ ಇನ್ನೂ ಹೆಚ್ಚು ದಿನ ಬರಬೇಕು. ನಿಮ್ಮ ಮನೆಯಲ್ಲಿ ತಿಂಗಳಿಗೇ ಮುಗಿಯುತ್ತಿದ್ದರೆ, ನಾಳೆಯ ಸಾರಿನಿಂದಲೇ ಒಂದು ಚಿಟಿಕೆ ಕಡಿಮೆ ಮಾಡಲು ಶುರುಮಾಡಿ.